ಮಾಷರ ಪ್ರೋಗ್ರಾಮು, ಹೊಸ ಕಂಪ್ಯೂಟರು

ಆ ಶನಿವಾರ ಬೆಳಿಗ್ಗೆ, ಮಲಯಾಳ ನಾಡಿನ ಕೇಣಿಚಿರದ ನನ್ನ ಟೈಪಿಂಗ್ ಅಂಗಡಿಯಲ್ಲಿ ನಾವು ನಾಲ್ಕು ಮಂದಿ ಇದ್ದೆವು. ಕಂಪ್ಯೂಟರಿನ ಮುಂದೆ ನಾನು. ನನ್ನ ಬೆನ್ನಿಗೆ ತಾಗುವಷ್ಟು ಹತ್ತಿರ ಸ್ಟೂಲು ಎಳೆದುಕೊಂಡು ಕೂತವರು ಬೇಗೂರು ಕಾಡಿನ ಒಂದು ಹಾಡಿಯ ಮೂಪ್ಪ, ಅಂದರೆ ಅಲ್ಲಿನ ಇಪ್ಪತ್ತಮೂರು ಮನೆಗಳಿಗೆ ಹಿರಿಯರು. ಒಳಬಾಗಿಲಿಗೆ ಒರಗಿ ನಿಂತವರು ಟೀಚರಮ್ಮ, ನನ್ನ ಅಂಗಡಿಯಿದ್ದ ಮನೆಯ ಒಡತಿ. ರಸ್ತೆ ಕಡೆಯ ಬೆಂಚಿನ ಮೇಲೆ ಪತ್ರಿಕೆ ಬಿಡಿಸಿಕೊಂಡು ಕೂತವನು ಒಬ್ಬ ಪೊಲೀಸು. ಲುಂಗಿ ಉಟ್ಟಿದ್ದ.

ಪೊಲೀಸು ಯಾಕೆ ಎಂದು ಮೊದಲೇ ಹೇಳಿಬಿಡುತ್ತೇನೆ. ಆ ವರ್ಷಗಳಲ್ಲಿ ನಮ್ಮ ಕಡೆ ಬೆಳಗಾಗುವುದರೊಳಗೆ ಅಂಗಡಿಗಳ ಶಟರಿನ ಮೇಲೆ ಕೆಂಪು ಅಕ್ಷರದ ಪೋಸ್ಟರುಗಳು ಕಾಣಿಸಿಕೊಳ್ಳುತ್ತಿದ್ದವು. ಕಾಡಿನೊಳಗೆ ಮತ್ತೆ ಬಂದೂಕಿನವರು ಬಂದಿದ್ದಾರೆ ಎಂದು ಒಬ್ಬರು, ಎಲ್ಲ ಸುಳ್ಳು ಎಂದು ಇನ್ನೊಬ್ಬರು. ಇತ್ತ ನೆಲ ಕೇಳಿ ಕಾಡಿನಂಚಿನಲ್ಲಿ ಗುಡಿಸಲು ಹಾಕುವವರ ಹೋರಾಟ, ಅವರನ್ನು ಎಬ್ಬಿಸುವುದು, ಜೈಲಿಗೆ ಹಾಕುವುದು, ಬಿಟ್ಟಮೇಲೆ ಅವರು ಮತ್ತೆ ಗುಡಿಸಲು ಹಾಕುವುದು. ಪೋಸ್ಟರುಗಳಲ್ಲಿ ಒಂದೆರಡು ಕನ್ನಡದಲ್ಲೂ ಇದ್ದವಂತೆ. ಆ ದಾರಿಯಲ್ಲಿ ಕನ್ನಡ ಟೈಪ್ ಮಾಡುವ ಅಂಗಡಿ ನನ್ನದೊಂದೇ. ಹಾಗಾಗಿ ಕಾಸರಗೋಡು ಕಡೆಯ, ಕನ್ನಡ ಓದಬಲ್ಲ ಒಬ್ಬನನ್ನು ಹುಡುಕಿ ತಂದು, ನನ್ನ ಪ್ರಿಂಟರಿನಿಂದ ಏನೇನು ಹೊರಬೀಳುತ್ತದೆ ಎಂದು ಬರೆದಿಡಲು ಕೂರಿಸಿದ್ದರು. ಅವನು ಮುಚ್ಚುಮರೆ ಮಾಡಿದವನಲ್ಲ. ಮೊದಲ ದಿನವೇ ಹೇಳಿದ್ದ: “ಅಕ್ಕ, ನಾನು ಪೊಲೀಸು. ನಿಮಗೆ ಹೇಗೂ ಗೊತ್ತಾಗ್ತದೆ, ನಾನೇ ಹೇಳುವಾ ಅಂತ.” ಎರಡು ವಾರದಲ್ಲಿ ಅವನ ನೋಟ್‌ಬುಕ್ಕಿಗೆ ಸೇರಿದ್ದು ಮೂರು ಮದುವೆ ಕಾಗದ, ಒಂದು ಶುಂಠಿ ಬಿತ್ತನೆಯ ಜಾಹೀರಾತು, ಕಳೆದುಹೋದ ಎಮ್ಮೆಯ ಒಂದು ಪ್ರಕಟಣೆ.

ಮೂಪ್ಪನವರು ಬೇಗೂರಿನಿಂದ ಮೂರು ಬಸ್ಸು ಬದಲಾಯಿಸಿ ಬಂದದ್ದಕ್ಕೆ ಕಾರಣ ಸೋಮವಾರ. ಕಾಡಿನಲ್ಲಿ ಬಾಳಿದವರಿಗೆ ಆ ನೆಲದ ಹಕ್ಕು ಕೊಡುವ ಕಾನೂನು ಬಂದ ಹೊಸತು. ಹಾಡಿಯವರು ಅರ್ಜಿ ಹಾಕಿದ್ದರು. ಹಾಡಿಯ ಪಕ್ಕ ಹರಿಯುವ ತೋಡಿನ ಈಚೆ, ಅವರು ಈಗ ಇರುವ ಜಾಗಕ್ಕೆ ಯಾರದೂ ತಕರಾರಿಲ್ಲ. ತೋಡಿನ ಆಚೆಯ ಮೇಲಿನ ಬಯಲಿಗೆ ಮಾತ್ರ, ಅಲ್ಲಿ ಮೊದಲಿನಿಂದಲೂ ತೇಗದ ತೋಪು, ಮನೆ ಇದ್ದದ್ದಕ್ಕೆ ದಾಖಲೆ ಇಲ್ಲ ಎಂದು ಸರ್ಕಾರಿ ಸಮಿತಿಯವರು ಅರ್ಜಿ ತಿರುಗಿಸಿದ್ದರು. ಸೋಮವಾರ ಹತ್ತು ಗಂಟೆಗೆ ಇನ್ನೊಂದು ಸಲ ಕೇಳುತ್ತೇವೆ, ಅದೇ ಕೊನೆ ಎಂದಿದ್ದರು. ಹಿರಿಯರ ಹೇಳಿಕೆ ಬರಹದಲ್ಲಿದ್ದರೆ ಅದನ್ನೂ ದಾಖಲೆಯಾಗಿ ನೋಡಬಹುದು ಎಂದು ಕಾನೂನಿನಲ್ಲೇ ಇತ್ತು. ಆದರೆ ಮೇಲಿನ ಬಯಲಲ್ಲಿ ಸಂಸಾರ ಮಾಡಿದ ಹಿರಿಯರಲ್ಲಿ ಒಬ್ಬರೂ ಉಳಿದಿರಲಿಲ್ಲ. ಉಳಿದದ್ದು ಅವರ ಮಾತು, ಅದೂ ಮಾಷರ ಪ್ರೋಗ್ರಾಮಿನೊಳಗೆ.

ಮಾಷರು ಎಂದರೆ ಟೀಚರಮ್ಮನ ಗಂಡ. ಆಗ ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಅವರನ್ನು ಕಂಡದ್ದು ಬೇಗೂರಿನಲ್ಲಿ. ಚೆಕ್‌ಪೋಸ್ಟಿನ ಹತ್ತಿರದ ಸಣ್ಣ ಶಾಲೆಗೆ ಅವರು ಮೇಷ್ಟರು, ಎದುರಿಗೆ ನನ್ನ ಅಪ್ಪನ ಚಾಯದಂಗಡಿ. ನಾನು ಶಾಲೆಯಲ್ಲಿ ಕಲಿತದ್ದು ಮಲಯಾಳ. ಕನ್ನಡ ಕಲಿತದ್ದು ಗುಂಡ್ಲುಪೇಟೆ ಕಡೆಯಿಂದ ಬಂದ ಅಜ್ಜಿಯಿಂದ. ಅಕ್ಕಿ ಆರಿಸುವ ಮೊರದಲ್ಲಿ ಬೆರಳಾಡಿಸಿ ಅಕ್ಷರ ತೀಡಿಸಿದ್ದಳು. ಮಿಕ್ಕದ್ದನ್ನು ಚಾಯದಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದ ಹಾಡಿಯ ಮುದುಕ ಮುದುಕಿಯರು ಕಲಿಸಿದರು. ಅವರ ಮಾತು ನಮ್ಮ ಅಜ್ಜಿಯ ಮಾತಿಗೆ ಅಕ್ಕಪಕ್ಕದ ಮನೆಯಷ್ಟು ಹತ್ತಿರ. ಮಲಯಾಳಿಯಾದ ಮಾಷರಿಗೆ ಆ ಮಾತು ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಅದಕ್ಕೇ ನನ್ನನ್ನು ಜೊತೆಗೆ ಹಾಕಿಕೊಂಡರು.

ಹಿರಿಯರೆಲ್ಲ ಹೋಗುವ ಮೊದಲು ಯಾರ ಮನೆ ಎಲ್ಲಿತ್ತು, ಯಾರನ್ನು ಎಲ್ಲಿ ಮಣ್ಣು ಮಾಡಿದರು, ಯಾವ ತೋಡಿನ ನೀರು ಕುಡಿದರು ಎಂದು ಬರೆದಿಡಬೇಕು ಎನ್ನುವುದು ಅವರ ಹಟ. ಕೋಝಿಕ್ಕೋಡಿನ ಸ್ನೇಹಿತರೊಬ್ಬರು ಒಂದು ಹಳೆಯ ಕಂಪ್ಯೂಟರನ್ನು ಶಾಲೆಗೆ ಬಿಟ್ಟುಕೊಟ್ಟಿದ್ದರು. ಪುಸ್ತಕ ನೋಡಿಕೊಂಡು, ರಜೆಯೆಲ್ಲ ಕೂತು, ಆ ಕೆಲಸಕ್ಕೆಂದೇ ಮಾಷರು ತಾವೇ ಒಂದು ಪ್ರೋಗ್ರಾಮು ಬರೆದರು. ಹಗಲು ನಾನು ಹಾಡಿಗೆ ಹೋಗಿ ಹಿರಿಯರು ಹೇಳಿದ್ದನ್ನು ಹೇಳಿದ ಹಾಗೇ ನೋಟುಪುಸ್ತಕದಲ್ಲಿ ಬರೆದು ತಂದು, ಇಂಗ್ಲಿಷ್ ಅಕ್ಷರದಲ್ಲಿ ಒಳಗೆ ಹಾಕುತ್ತಿದ್ದೆ. ಆ ಯಂತ್ರಕ್ಕೆ ಬೇರೆ ಅಕ್ಷರ ಗೊತ್ತಿರಲಿಲ್ಲ. ಐದು ಗಂಟೆಗೆ ನನ್ನ ಕೆಲಸ ಮುಗಿಯುತ್ತಿತ್ತು. ಹೇಳಿಕೆ ಕೊಟ್ಟ ಹಿರಿಯರನ್ನು ಮಾಷರು ಸಂಜೆ ಶಾಲೆಗೆ ಕರೆದು, ಬರೆದದ್ದು ಸರಿಯೋ ಎಂದು ಓದಿ ಕೇಳಿಸುತ್ತಿದ್ದರಂತೆ. ಅದನ್ನು ನಾನು ಕಂಡವಳಲ್ಲ. ಆ ಹೊತ್ತಿಗೆ ಅಪ್ಪನ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದೆ.

ಆ ಕಾಲದ ಭಯ ಆ ಕಾಲಕ್ಕೆ. ಯಾರು ಯಾವ ಜಾಗ ತೋರಿಸಿದರು ಎಂದು ಬೇಡದವರ ಕೈಗೆ ಸಿಕ್ಕಿದರೆ ಹಾಡಿಯವರಿಗೆ ತೊಂದರೆ ಎಂದು ಮಾಷರು ಬರಹವನ್ನೆಲ್ಲ ಕಲಸಿ ಇಟ್ಟಿದ್ದರು. ಅವರ ಪ್ರೋಗ್ರಾಮಿನ ಮೂಲಕ ತೆರೆದರೆ ಮಾತು; ಬೇರೆ ದಾರಿಯಲ್ಲಿ ತೆರೆದರೆ ಇರುವೆ ಹರಿದ ಹಾಗೆ ಚುಕ್ಕಿ ಗೆರೆ. ನೋಟುಪುಸ್ತಕಗಳನ್ನು ಸುಟ್ಟದ್ದೂ ಅದೇ ಭಯಕ್ಕೆ. ನಿವೃತ್ತರಾಗಿ ಕೇಣಿಚಿರದ ಮನೆಗೆ ಬಂದಾಗ ಕಂಪ್ಯೂಟರನ್ನೂ ತಂದರು, ಮದುವೆಯಾಗಿ ಈ ಕಡೆ ಬಂದಿದ್ದ ನನಗೆ ಮುಂದಿನ ಕೋಣೆ ಬಿಟ್ಟುಕೊಟ್ಟು ಅಂಗಡಿ ಹಾಕಿಸಿದರು. ಆ ವರ್ಷದ ಬೇಸಿಗೆ ಮಳೆಯಲ್ಲಿ ಒಂದು ಸಿಡಿಲು ಬಡಿದು ಆ ಹಳೆಯ ಕಂಪ್ಯೂಟರು ಸತ್ತಿತು. ನಾನು ಹೊಸತು ಕೊಂಡೆ, ಹೊಸ ವಿಂಡೋಸ್ ಹಾಕಿದ್ದು. ಮಾಷರ ಪ್ರೋಗ್ರಾಮೂ ಹೇಳಿಕೆಗಳೂ ಉಳಿದದ್ದು ಟೀಚರಮ್ಮನ ಬಿಸ್ಕತ್ತು ಡಬ್ಬಿಯಲ್ಲಿ, ಒಣ ಕಾಳುಮೆಣಸಿನ ಗಂಟಿನ ಜೊತೆ ಇಟ್ಟ ಮೂರು ಫ್ಲಾಪಿಗಳಲ್ಲಿ, ಮೂರರಲ್ಲೂ ಒಂದೇ ನಕಲು. ಬೂಷ್ಟು ಹಿಡಿಯಬಾರದೆಂದು ಮೆಣಸು.

“ಒಳಗೆ ನಮ್ಮವ್ವ ಅವ್ಳಾ ಕೂಸೇ?” ಎಂದರು ಮೂಪ್ಪ, ಡಬ್ಬಿಯೊಳಗೆ ಬಗ್ಗಿ ನೋಡಿ.

“ಇದ್ದಾಳೆ ಮಾಮ.”

“ಮೆಣಸಿನ ಘಾಟಿಗೆ ಸೀನ್ತಾ ಇರ್ತಾಳೆ.”

ಅವರ ಅವ್ವನ ಹೇಳಿಕೆಯೇ ನಮಗೆ ಬೇಕಾದದ್ದು. ಮೇಲಿನ ಬಯಲಿನ ಬಗ್ಗೆ ಅವಳಷ್ಟು ಬಿಡಿಸಿ ಹೇಳಿದವರು ಇನ್ನಾರೂ ಇರಲಿಲ್ಲ ಎಂದು ನನಗೆ ನೆನಪಿತ್ತು. ಏನು ಹೇಳಿದ್ದಳು ಎಂದು ನೆನಪಿರಲಿಲ್ಲ. ಎಷ್ಟೋ ಮಂದಿಯದು ಬರೆದವಳು ನಾನು. ಮೂಪ್ಪನವರಿಗೂ ಗೊತ್ತಿರಲಿಲ್ಲ. ಸಣ್ಣವರಿದ್ದಾಗಲೇ ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದವರು ತಿರುಗಿ ಬರುವಾಗ ಬಯಲೆಲ್ಲ ತೇಗವಾಗಿತ್ತು. ಅವ್ವ ಹೇಳಿಕೆ ಕೊಟ್ಟ ತಿಂಗಳು ಅವರು ಗುಡಿಸಲು ಹಾಕಿದ್ದಕ್ಕೆ ಜೈಲಿನಲ್ಲಿದ್ದರು. ಬಿಟ್ಟು ಬರುವಷ್ಟರಲ್ಲಿ ಅವ್ವ ಇರಲಿಲ್ಲ.

ಹೊಸ ಕಂಪ್ಯೂಟರಿಗೆ ಫ್ಲಾಪಿ ಹಾಕುವ ಬಾಯೇ ಇಲ್ಲ. ಸತ್ತ ಕಂಪ್ಯೂಟರಿನ ಬಾಯನ್ನು ಬಿಚ್ಚಿ ಹೊಸದಕ್ಕೆ ಜೋಡಿಸಬೇಕಾಯಿತು. ಟೀಚರಮ್ಮ ಸ್ಕ್ರೂಗಳನ್ನು ತಟ್ಟೆಯಲ್ಲಿ ಹಿಡಿದರು. ಪೊಲೀಸಿನವನು ಪತ್ರಿಕೆ ಮಡಚಿಟ್ಟು ಟಾರ್ಚು ಹಿಡಿದ.

“ಇದು ನಿನ್ನ ಡ್ಯೂಟಿಯಲ್ಲಿ ಬರ್ತದಾ?” ಎಂದೆ.

“ನೋಡಿಕೊಳ್ಳಬೇಕು ಅಂದಿದ್ದಾರೆ. ಬೆಳಕಿಲ್ಲದೆ ನೋಡುವುದು ಹೇಗೆ?”

ಹೊಟ್ಟೆ ತೆರೆದ ಪೆಟ್ಟಿಗೆಯಿಂದ ಪಟ್ಟಿಯಂಥ ತಂತಿ ಹೊರಗೆ ನೇತಾಡುತ್ತಿದ್ದ ಹಾಗೇ ಚಾಲು ಮಾಡಿದೆ. ಫ್ಲಾಪಿ ಗರ್ರ್ ಎಂದು ತಿರುಗಿತು. ಆ ಸದ್ದು ಕೇಳಿ ಎಷ್ಟು ಕಾಲವಾಗಿತ್ತೋ. ಫೈಲುಗಳ ಹೆಸರು ಒಂದೊಂದಾಗಿ ಕಾಣಿಸಿಕೊಂಡವು. ಮಾಷರ ಪ್ರೋಗ್ರಾಮಿನ ಮೇಲೆ ಎರಡು ಸಲ ಒತ್ತಿದೆ. ಕಪ್ಪು ಕಿಟಕಿಯೊಂದು ತೆರೆದು, ರೆಪ್ಪೆ ಬಡಿಯುವುದರೊಳಗೆ ಮುಚ್ಚಿಕೊಂಡಿತು. ಇನ್ನೊಂದು ಸಲ. ಮತ್ತೆ ಅದೇ.

“ಎಂತ ಅಕ್ಕ, ಇಷ್ಟೇನಾ?” ಎಂದ ಪೊಲೀಸು.

ಕಿಟಕಿ ಮುಚ್ಚಿಕೊಳ್ಳದ ಹಾಗೆ ಬೇರೆ ದಾರಿಯಲ್ಲಿ ತೆರೆದಾಗ ಒಂದು ಸಾಲು ಉಳಿಯಿತು: ರನ್‌ಟೈಮ್ ಎರರ್ ಇನ್ನೂರು. ಹಳೆಯ ಪ್ರೋಗ್ರಾಮುಗಳಿಗೆಂದು ವಿಂಡೋಸಿನಲ್ಲೇ ಇದ್ದ ಒಂದು ಆಯ್ಕೆ ನೋಡಿದೆ. ಇನ್ನೂರು. ಎರಡನೆಯ ಫ್ಲಾಪಿ, ಮೂರನೆಯ ಫ್ಲಾಪಿ. ಇನ್ನೂರು, ಇನ್ನೂರು. ಮೂಪ್ಪನವರು ಪರದೆಯನ್ನೇ ನೋಡುತ್ತಿದ್ದರು.

ಬತ್ತೇರಿ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಪರಿಚಯದವನಿದ್ದ. ಫೋನ್ ಹಚ್ಚಿದೆ. ಅವನು ನಕ್ಕುಬಿಟ್ಟ.

“ಚೇಚೀ, ನಿಮ್ಮ ಪ್ರೋಗ್ರಾಮಿಗೆ ಏನೂ ಆಗಿಲ್ಲ. ನಿಮ್ಮ ಕಂಪ್ಯೂಟರಿಗೆ ಓಟ ಜಾಸ್ತಿ” ಎಂದ ಮಲಯಾಳದಲ್ಲಿ. “ಆ ಕಾಲದ ಕೆಲವು ಪ್ರೋಗ್ರಾಮುಗಳು ಏಳುವಾಗಲೇ ಯಂತ್ರ ಎಷ್ಟು ಜೋರಾಗಿ ಓಡುತ್ತದೆ ಎಂದು ಎಣಿಸಿ ನೋಡುತ್ತವೆ. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ತಿಳಿಯುವುದಕ್ಕೆ. ಅಂದಿನ ಯಂತ್ರಕ್ಕೆ ಅಂತ ಇಟ್ಟ ಪಾವು ಅದು. ನೀವು ಇಂದಿನದರಲ್ಲಿ ಮೂಟೆಗಟ್ಟಲೆ ಸುರಿದರೆ ತುಂಬಿ ಚೆಲ್ಲಿ ಬಿದ್ದುಹೋಗುತ್ತದೆ.”

“ಹಾಗಾದರೆ?”

“ಹಳೆಯ ಕಂಪ್ಯೂಟರಿನ ವೇಷ ಹಾಕುವ ಒಂದು ಪ್ರೋಗ್ರಾಮು ಉಂಟು. ಒಂದು ಮ್ಯಾಗಜಿನ್ನಿನ ಜೊತೆ ಬಂದ ಸೀಡಿಯಲ್ಲಿ ಇದೆ. ಅದರೊಳಗೆ ಓಡಿಸಿದರೆ ವೇಗ ಎಷ್ಟು ಬೇಕೋ ಅಷ್ಟಕ್ಕೆ ಇಳಿಸಬಹುದು. ಹನ್ನೊಂದರ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ.”

ಮೂಪ್ಪನವರಿಗೆ ತಿಳಿಸಿ ಹೇಳಿದೆ. ಅವರು ಸ್ವಲ್ಪ ಯೋಚಿಸಿದರು.

“ಅಂದ್ರೆ ಈ ಪೆಟ್ಟಿಗೆಗೆ ಅವಸರ.”

“ಹೌದು ಮಾಮ.”

“ನೀನು ಸಾಕಿದ್ದಲ್ವಾ” ಎಂದರು. ಟೀಚರಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು.

ಹನ್ನೊಂದರ ಬಸ್ಸು ನಮ್ಮ ಕೂಡುರಸ್ತೆಗೆ ಬರುವ ಹೊತ್ತಿಗೆ ನಾನು ಎರಡು ಸಲ ಬಾಗಿಲಿಗೂ ಮೇಜಿಗೂ ಓಡಾಡಿದ್ದೆ. ಸೀಡಿ ತರಲು ಹೋದವನು ಪೊಲೀಸು. ಸ್ಟಾಪಿಗಿಂತ ಮುಂಚೆಯೇ ಕೈ ಅಡ್ಡ ಹಿಡಿದು ನಿಲ್ಲಿಸಿದನಂತೆ. ಯಾಕೆಂದು ಡ್ರೈವರ್ ರೇಗಿದಾಗ, “ಸರ್ಕಾರಿ ಕೆಲಸ” ಎಂದನಂತೆ. ಬಂದವನೇ ನೋಟ್‌ಬುಕ್ಕು ತೆರೆದು ಕೂತ. “ಸೀಡಿ ಒಂದು ಅಂತ ಬರೆಯಬೇಕಾ ಬೇಡವಾ?” ಎಂದು ತನ್ನಷ್ಟಕ್ಕೆ ಕೇಳಿಕೊಂಡ. “ಪ್ರಿಂಟು ಮಾತ್ರ ಅಲ್ಲವಾ ಹೇಳಿದ್ದು” ಎಂದು ತಾನೇ ಉತ್ತರ ಕೊಟ್ಟುಕೊಂಡು ಮುಚ್ಚಿದ.

ವೇಷದ ಪ್ರೋಗ್ರಾಮು ಹಾಕಿಕೊಂಡೆ. ಎರಡು ಗುಂಡಿ ಒಟ್ಟಿಗೆ ಒತ್ತಿದ ಹಾಗೆಲ್ಲ ವೇಗ ಇಳಿಯುತ್ತದೆ ಎಂದು ಬತ್ತೇರಿಯವನು ಫೋನಿನಲ್ಲೇ ಹೇಳಿಕೊಟ್ಟ. ಒತ್ತಿದೆ, ಒತ್ತಿದೆ, ಇಳಿಸುತ್ತಾ ಹೋದೆ. ಮಾಷರ ಪ್ರೋಗ್ರಾಮಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದೆ.

ಪರದೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಆಮೇಲೆ ನಡುವಿನಲ್ಲಿ, ಒಂದೊಂದೇ ಅಕ್ಷರವಾಗಿ, ಇಂಗ್ಲಿಷ್ ಲಿಪಿಯ ಮಲಯಾಳ ಮೂಡಿತು: “ಬಂದೆಯಾ ಮೋಳೇ? ಚಾಯ ಕುಡಿದಾಯಿತಾ?”

ಅದನ್ನು ಮರೆತೇಬಿಟ್ಟಿದ್ದೆ. ದಿನಾ ಬೆಳಿಗ್ಗೆ ಅದು ಹೀಗೇ ಮಗಳೇ ಎಂದು ಕರೆದು ಕೇಳುತ್ತಿತ್ತು, ನಾನು ಹೌದು ಎಂದು ಒತ್ತಿದ ಮೇಲೆಯೇ ಮುಂದಕ್ಕೆ ಬಿಡುತ್ತಿತ್ತು. ಜೋರಾಗಿ ಓದಿದೆ. ಟೀಚರಮ್ಮ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ತಾವೇ ಓದಿದರು.

“ನಲವತ್ತು ವರ್ಷ ಚಾಯ ಮಾಡಿ ಕೊಟ್ಟೆ” ಎಂದರು ಅವರು ತಮ್ಮ ಮಲಯಾಳದಲ್ಲಿ, “ನನ್ನನ್ನು ಒಂದು ದಿನವೂ ಕೇಳಿದವರಲ್ಲ.” ಕಣ್ಣೊರೆಸಿಕೊಂಡು ಒಳಗೆ ಹೋದರು. ಎರಡು ನಿಮಿಷದಲ್ಲಿ ಪಾತ್ರೆಯ ಸದ್ದು. ಚಾಯ ಬಂತು. ಲೋಟ ಕೈಯಲ್ಲಿ ಹಿಡಿದ ಮೇಲೆಯೇ ನಾನು ಹೌದು ಒತ್ತಿದ್ದು. ಮಾಷರಿಗೆ ಸುಳ್ಳು ಹೇಳುವುದು ಹೇಗೆ?

ಯಾರ ಮನೆ ಎಂದು ಕೇಳಿತು. ಅವ್ವನ ಮನೆಯ ನಂಬರು ಹಾಕಿದೆ. ಫ್ಲಾಪಿ ಗರಗರ ತಿರುಗಿತು. ಮೊದಲ ಸಾಲು ಬಂತು. ಅವ್ವನ ಮಾತು, ನಾನೇ ಎಂದೋ ಬೆರಳಲ್ಲಿ ಕುಟ್ಟಿ ಒಳಗೆ ಹಾಕಿದ್ದು. ಓದಿದೆ:

“ನಾನು ಹೇಳೋದು ಮೇಲಿನ ಬಯಲಿನ ನನ್ನ ಮನೆ ಮಾತು.”

“ಹೂಂ” ಎಂದರು ಮೂಪ್ಪ.

ಅಷ್ಟೇ. ಮುಂದಿನ ಸಾಲು ಬರಲಿಲ್ಲ. ಸಾಲಿನ ಕೊನೆಯಲ್ಲಿ ಒಂದು ಗೆರೆ ಮಿನುಗುತ್ತಾ ನಿಂತಿತ್ತು. ಎಂಟರ್ ಒತ್ತಿದೆ, ಇಲ್ಲ. ಉದ್ದದ ಪಟ್ಟಿ ಒತ್ತಿದೆ, ಇಲ್ಲ. ಎಸ್ಕೇಪ್ ಒತ್ತಿದರೆ ಪೂರ್ತಿ ಹೊರಗೆ ಬಂದುಬಿಟ್ಟಿತು. ಮತ್ತೆ ಒಳಗೆ ಹೋದೆ. ಮತ್ತೆ ಚಾಯ ಕುಡಿದಾಯಿತಾ ಎಂದಿತು. ಮತ್ತೆ ಅದೇ ಸಾಲು, ಅಲ್ಲೇ ನಿಲುಗಡೆ.

ವೇಗ ಹೆಚ್ಚಾಯಿತೇನೋ ಎಂದು ಇನ್ನೂ ಇಳಿಸಿದೆ. ಅಕ್ಷರಗಳು ಗದ್ದೆಯ ಬದುವಿನ ಮೇಲೆ ನಡೆಯುವ ಮುದುಕರ ಹಾಗೆ ಬಂದವು. ಓದಿದೆ. ಹಿಂದಿನಿಂದ “ಹೂಂ”. ಅಲ್ಲೇ ನಿಂತಿತು. ಏರಿಸಿದೆ. ಇನ್ನೂರು ಎಂದು ಬಿದ್ದುಹೋಯಿತು. ಮತ್ತೆ ಇಳಿಸಿದೆ. ಬತ್ತೇರಿಗೆ ಫೋನ್ ಮಾಡಿದೆ. ಫ್ಲಾಪಿ ಅಲ್ಲಿಂದ ಮುಂದಕ್ಕೆ ಕೆಟ್ಟಿರಬಹುದು ಎಂದ. ಇನ್ನೆರಡು ಫ್ಲಾಪಿಗಳಲ್ಲಿ ನೋಡಿದರೂ ಅದೇ ಸಾಲಿನಲ್ಲಿ ಅದೇ ಗೆರೆ ಮಿನುಗುತ್ತಿತ್ತು. ಮೂರೂ ಒಂದೇ ಕಡೆ ಕೆಡುವುದೆಂದರೇನು?

“ನಾನು ಹೇಳೋದು ಮೇಲಿನ ಬಯಲಿನ ನನ್ನ ಮನೆ ಮಾತು” ಎಂದು ಎಷ್ಟನೆಯ ಸಲವೋ ಓದಿದೆ.

“ಹೂಂ” ಎಂದರು ಮೂಪ್ಪ. ಪ್ರತಿ ಸಲವೂ ಅಂದಿದ್ದರು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. “ಆಮೇಲೆ?”

“ಆಮೇಲೆ ಇಲ್ಲ ಮಾಮ. ಇಲ್ಲಿಗೇ ನಿಂತುಹೋಗ್ತದೆ.”

“ನಾನು ಹೂಂ ಅಂದ್ನಲ್ಲ.”

“ಅಂದಿರಿ.”

“ಹೂಂ ಅಂದ್ಮೇಲೂ ಯಾಕೆ ನಿಂತದೆ? ಮಾಷ್ರ ಪೆಟ್ಟಿ ಹೂಂ ಅಂದ್ರೆ ಮುಂದಕ್ ಹೋಗ್ತಿತ್ತು.”

ನಾನು ಕುರ್ಚಿ ಸಮೇತ ತಿರುಗಿದೆ. ಅವರು ಸಮಾಧಾನವಾಗಿ ಹೇಳಿದರು. ಜೈಲಿಗೆ ಹೋಗುವ ಮೊದಲು ಅವರೂ ಒಂದು ಸಂಜೆ ತಮ್ಮದೇ ಹೇಳಿಕೆ ಕೇಳಲು ಶಾಲೆಯಲ್ಲಿ ಕೂತಿದ್ದರು. ಮಾಷರು ಒಂದು ಸಾಲು ಓದುವರು. ಹೇಳಿದವರು ಹೂಂ ಅಂದರೆ ಮುಂದಿನ ಸಾಲು. ಅನ್ನದಿದ್ದರೆ ಎಲ್ಲಿ ತಪ್ಪಿತು ಎಂದು ಕೇಳಿ ಅಲ್ಲೇ ತಿದ್ದುವರು. ನಮ್ಮ ಕಡೆ ಮಾತು ನಡೆಯುವುದೇ ಹಾಗೆ. ಕೇಳುವವರು ಹೂಂಗುಟ್ಟದಿದ್ದರೆ ಹೇಳುವವರು ಅಲ್ಲೇ ಬಾಯಿ ಮುಚ್ಚಿಕೊಳ್ಳುತ್ತಾರೆ. ನಮ್ಮ ಅಜ್ಜಿ ಕತೆಯ ನಡುವೆ ಮಲಗಿಬಿಟ್ಟಳೆಂದರೆ ನಾನು ಹೂಂ ಅನ್ನಲಿಲ್ಲ ಎಂದೇ ಅರ್ಥ. ಮಾಷರು ಹಾಡಿಯಲ್ಲಿ ಕಲಿತದ್ದನ್ನು ಹಾಗೆಯೇ ಪ್ರೋಗ್ರಾಮಿನಲ್ಲಿ ಇಟ್ಟಿದ್ದರು. ಯಾರೂ ಹೂಂ ಅನ್ನದೆ ಒಂದು ಸಾಲೂ ಮುಂದಕ್ಕೆ ಹೋಗಬಾರದು.

“ಮಾಮ, ಮಾಷರು ಏನಾದರೂ ಒತ್ತುತ್ತಿದ್ದರಾ?”

“ಹೂಂ ಅಂದ್ ತಕ್ಷಣ ಒಂದು ಗುಂಡಿ ಒತ್ತೋರು.”

“ಮೊದಲೇ ಯಾಕೆ ಹೇಳಲಿಲ್ಲ?”

“ಹೊಸ ಪೆಟ್ಟಿ ಅಲ್ವಾ, ಇದಕ್ಕೆ ಕಿವಿ ಇರ್ತದೆ ಅಂದ್ಕಂಡೆ.”

ಪೊಲೀಸು ಬೆಂಚಿನಿಂದ ಎದ್ದು ಬಂದಿದ್ದ. “ಯಾವ ಗುಂಡಿ ಅಜ್ಜ?”

“ಅಜ್ಜ ನಿಮ್ಮಪ್ಪ” ಎಂದರು ಮೂಪ್ಪ. ಐವತ್ತು ದಾಟಿ ಹೆಚ್ಚಾಗಿರಲಿಲ್ಲ ಅವರಿಗೆ. ಓದು ಬರಹ ಇಲ್ಲದ ಅವರು ಅಕ್ಷರ ಹುಡುಕಲಿಲ್ಲ. ಕೀಬೋರ್ಡನ್ನು ನೆಲದ ಹಾಗೆ ನೋಡಿದರು. ಬೆರಳು ಎಡದಂಚಿನಿಂದ ಒಂದು ಸಲ, ಬಲದಂಚಿನಿಂದ ಒಂದು ಸಲ ಸರಿದು, ನಡುವಿನ ಸಾಲಿನ ನಟ್ಟನಡುವೆ ಇಳಿಯಿತು. “ಇಲ್ಲಿ.”

ಅದು ಇಂಗ್ಲಿಷಿನ ‘ಎಚ್’. ಒತ್ತಿದೆ.

ಫ್ಲಾಪಿ ತಿರುಗಿತು. ಎರಡನೆಯ ಸಾಲು ಬಂತು.

ನಾನು ಕೂಗಿದೆನೋ ಏನೋ, ಎದುರಿನ ಹೋಟೆಲಿನವನು ಇಣುಕಿ ನೋಡಿದ್ದು ನೆನಪಿದೆ. ಟೀಚರಮ್ಮ ನನ್ನ ಬೆನ್ನಿಗೆ ಎರಡು ಗುದ್ದಿದರು. ಪೊಲೀಸಿನವನು, “ನಿಲ್ಲಿ ನಿಲ್ಲಿ, ಮೊದಲು ಪ್ರಿಂಟು ತೆಗೀರಿ” ಎಂದ. ತೆಗೆಯಲು ಹೋದರೆ ಆ ವೇಷದ ಕಂಪ್ಯೂಟರಿಗೆ ನನ್ನ ಪ್ರಿಂಟರು ಇದೆ ಎನ್ನುವುದೇ ಗೊತ್ತಿಲ್ಲ. ಅದರ ಹಿಂದೆ ಬೀಳುವ ತಾಳ್ಮೆ ಆಗ ನನ್ನಲ್ಲಿರಲಿಲ್ಲ.

“ಬರೆಯುವಾ” ಎಂದೆ. “ನಾನು ಓದಿ ಮಲಯಾಳದಲ್ಲಿ ಹೇಳ್ತೇನೆ. ಸಮಿತಿಗೆ ಹೇಗೂ ಮಲಯಾಳದಲ್ಲೇ ಬೇಕು. ಯಾರಾದರೂ ಬರೆದುಕೊಳ್ಳಬೇಕು.”

ವಯಸ್ಸಾದ ಟೀಚರಮ್ಮನ ಬೆರಳಿಗೆ ಪೆನ್ನು ನಿಲ್ಲುತ್ತಿರಲಿಲ್ಲ. ಮೂಪ್ಪನವರಿಗೆ ಅಕ್ಷರ ಬಾರದು. ಮೂವರೂ ಒಟ್ಟಿಗೆ ಪೊಲೀಸಿನವನ ಕಡೆ ನೋಡಿದೆವು.

“ನನ್ನ ಅಕ್ಷರ ಚೆಂದ ಉಂಟು” ಎಂದ ಅವನು, ಪೆನ್ನಿನ ಮುಚ್ಚಳ ತೆಗೆಯುತ್ತಾ. “ಆದರೆ ನಾನು ಬರೆದದ್ದು ಅಂತ ಎಲ್ಲಿಯೂ ಹೇಳಬಾರದು.”

ಅವನು ಹಾಳೆ ಹಿಡಿದು ಕೂತ. ನಾನು ಸಾಲು ಓದಿದೆ, ಮೂಪ್ಪ ಹೂಂ ಎಂದರು, ನಾನು ಮಲಯಾಳ ಹೇಳಿದೆ, ಅವನು ಬರೆದ, ಆಮೇಲೆ ‘ಎಚ್’ ಒತ್ತಿದೆ.

“ಅಲ್ಲಿ ಏಳು ಮನೆ ಇದ್ವು. ನಮ್ದು ದೇವರ ಕಲ್ಲಿನ ಹತ್ರದ್ದು.”

“ಹೂಂ.”

“ನನ್ನ ಮೂರು ಮಕ್ಕಳೂ ಅಲ್ಲೇ ಹುಟ್ಟಿದ್ವು. ಒಂದು ಅಲ್ಲೇ ಮಣ್ಣಾಯ್ತು.”

“ಹೂಂ. ನನ್ನ ತಂಗಿ” ಎಂದರು ಮೂಪ್ಪ.

“ಆಮೇಲೆ ಕಾಡಿಗೆ ಆ ಹುಡುಗ್ರು ಬಂದ್ರು. ಬಂದೂಕು ಇಟ್ಕಂಡಿದ್ರು. ಗಂಜಿ ಕೇಳಿದ್ರು, ಕೊಟ್ಟೊ. ಹಸಿದೋರಿಗೆ ಕೊಡಾಕಿಲ್ವಾ?”

“ಹೂಂ.”

“ಅವ್ರ ಹಿಂದೆ ಕಾಕಿಯೋರು ಬಂದ್ರು. ನೀವು ಇಲ್ಲಿದ್ರೆ ಅವ್ರಿಗೆ ಅನ್ನ ಸಿಗ್ತದೆ, ಕೆಳಕ್ಕೆ ಇಳೀರಿ ಅಂದ್ರು.”

ಮೂಪ್ಪ ಈ ಸಲ ತಕ್ಷಣ ಹೂಂ ಅನ್ನಲಿಲ್ಲ. ನಾನು ಮಲಯಾಳ ಹೇಳಿದೆ. ಪೆನ್ನು ನಿಂತಿತ್ತು. ನಾನು ತಿರುಗಿ ನೋಡಲಿಲ್ಲ. “ಹೂಂ” ಎಂದು ಒಂದು ಸಣ್ಣ ದನಿ ಕೇಳಿಸಿತು, ಅದು ಮೂಪ್ಪನವರದಲ್ಲ. ಆಮೇಲೆ ಪೆನ್ನು ಹಾಳೆಯ ಮೇಲೆ ಸರಿಯುವ ಸದ್ದು. ‘ಎಚ್’ ಒತ್ತಿದೆ.

“ಒಂದು ದಿನ ಟೇಮು ಕೊಟ್ರು. ಕೋಳಿ ಹಿಡಿಯೋದಾ, ಮಕ್ಕಳ ಹಿಡಿಯೋದಾ. ಅರೆಯೋ ಕಲ್ಲು ಹೊರಾಕಾಗ್ನಿಲ್ಲ. ತಿರುಗಿ ಬತ್ತೀನಿ ಅಂತ ಬೋರಲು ಹಾಕಿ ಮಣ್ಣು ಮುಚ್ಚಿದೆ.”

“ಕಲ್ಲು” ಎಂದರು ಮೂಪ್ಪ, ಸ್ಟೂಲಿನಿಂದ ಅರ್ಧ ಎದ್ದು. “ಅವ್ವನ ಕಲ್ಲು. ಅದನ್ನೇ ಯಾವಾಗ್ಲೂ ಅನ್ನೋಳು. ಎಲ್ಲಿ ಅಂತ ತೋರ್ಸಿರಲಿಲ್ಲ.”

“ಹೂಂ ಅನ್ನಿ ಮಾಮ.”

“ಹೂಂ, ಹೂಂ. ಒತ್ತು.”

“ಎರಡು ಮಳೆ ಕಳೆದು ಹೋಗಿ ನೋಡಿದ್ರೆ ಬಯಲೆಲ್ಲ ತೇಗದ ಸಸಿ. ಬೇಲಿ. ತೋಡಿನ ಈಚೆ ನಿಂತ್ಕಂಡು ನೋಡ್ದೆ.”

“ಹೂಂ.”

“ದೇವರ ಕಲ್ಲಿಗೆ ಬೆನ್ನು ಕೊಟ್ಟು ನಿಂತ್ಕಳಿ. ಹೊತ್ತು ಹುಟ್ಟೋ ಕಡೀಕೆ ನನ್ನ ಹೆಜ್ಜೆ ಇಪ್ಪತ್ತು. ಕಲ್ಲು ಅಲ್ಲೇ ಅದೆ. ಅದಕ್ಕೇನು ಕಾಲಿದ್ದಾವಾ?”

ಮೂಪ್ಪ ಹೂಂ ಅನ್ನಲಿಲ್ಲ. ಗಟ್ಟಿಯಾಗಿ ನಕ್ಕರು. ಅವ್ವ ಎದುರಿಗೆ ಕೂತು ಯಾರನ್ನೋ ಛೇಡಿಸಿದ ಹಾಗೆ ಕೇಳಿಸಿತ್ತು ಅವರಿಗೆ. ನಕ್ಕದ್ದನ್ನೇ ಹೂಂ ಎಂದು ತಿಳಿದು ನಾನು ಗುಂಡಿ ಒತ್ತಿದೆ. ಹೇಳಿಕೆ ಮುಗಿಯಿತು ಎಂದು ಪ್ರೋಗ್ರಾಮು ಹೇಳಿತು.

ಸಂಜೆಯೊಳಗೆ ಇನ್ನೂ ಮೂವರು ಹಿರಿಯರ ಹೇಳಿಕೆಗಳನ್ನು ಇಳಿಸಿಕೊಂಡೆವು. ಅವರೂ ಆ ಏಳು ಮನೆಗಳನ್ನೇ ಹೇಳಿದ್ದರು, ದೇವರ ಕಲ್ಲನ್ನೇ ಹೇಳಿದ್ದರು. ಕೈ ನೋಯುತ್ತದೆ ಎಂದು ಪೊಲೀಸು ಒಂದು ಸಲವೂ ಅನ್ನಲಿಲ್ಲ. ಮೂಪ್ಪನವರು ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಶರ್ಟಿನ ಒಳಗೆ ಇಟ್ಟು, ಪನಮರಂ ಬಸ್ಸು ಹತ್ತಿದ ಮೇಲೆ, ಅವನು ನೋಟ್‌ಬುಕ್ಕು ತೆರೆದು ಆ ದಿನದ ತಾರೀಖಿನ ಕೆಳಗೆ ಬರೆದದ್ದನ್ನು ನನಗೆ ತೋರಿಸಿದ: ಪ್ರಿಂಟು, ಸೊನ್ನೆ.

“ಸುಳ್ಳಲ್ಲ ಅಲ್ಲವಾ ಅಕ್ಕ?”

“ಸುಳ್ಳಲ್ಲ” ಎಂದೆ.

ಸೋಮವಾರ ನಾನೂ ಹೋದೆ. ಸಮಿತಿಯ ಮುಂದೆ ಹಾಳೆ ಕೊಟ್ಟು ಬರುವುದಕ್ಕೆ ಮೂಪ್ಪ ಒಪ್ಪಲಿಲ್ಲ, ಓದಬೇಕು ಎಂದರು. ನಾನು ಮಲಯಾಳದಲ್ಲಿ ಓದಿದೆ. ಹಿಂದೆ ನಿಂತಿದ್ದ ಹಾಡಿಯವರು ಸಾಲು ಸಾಲಿಗೂ ಹೂಂ ಎಂದರು. ಇದೆಂಥ ಗಲಾಟೆ ಎಂದು ಮೊದಲು ಮುಖ ಸಿಂಡರಿಸಿದ ಅಧಿಕಾರಿ, ಅರೆಯುವ ಕಲ್ಲಿನ ಹತ್ತಿರ ಬರುವ ಹೊತ್ತಿಗೆ ಮುಂದಕ್ಕೆ ಬಾಗಿದ್ದರು. ಇಲ್ಲ ಎಂದೂ ಹೇಳಲಿಲ್ಲ, ಆಯಿತು ಎಂದೂ ಹೇಳಲಿಲ್ಲ. ಬಂದು ನೋಡುತ್ತೇವೆ ಎಂದರು.

ಬಂದದ್ದು ಹದಿನೈದು ದಿನದ ಮೇಲೆ, ಇಬ್ಬರು ಅಳತೆಯವರ ಜೊತೆ. ಮೂಪ್ಪ ದೇವರ ಕಲ್ಲಿಗೆ ಬೆನ್ನು ಕೊಟ್ಟು ನಿಂತು ಇಪ್ಪತ್ತು ಹೆಜ್ಜೆ ಹಾಕಿದರು. ಅಗೆದರೆ ಬರಿಯ ಬೇರು. ಅಧಿಕಾರಿ ಗಡಿಯಾರ ನೋಡಿಕೊಂಡರು. ಆಗ ಮೂಪ್ಪನವರ ಹೆಂಡತಿ, “ನಿಮ್ಮ ಕಾಲು ಅವ್ವನ ಕಾಲಾ? ಅತ್ತೆ ನನ್ನಷ್ಟೇ ಇದ್ದದ್ದು” ಎಂದು ಗಂಡನನ್ನು ಪಕ್ಕಕ್ಕೆ ಸರಿಸಿ, ತಾನು ನಡೆದು, ಎರಡು ತೇಗದ ಮರಗಳ ನಡುವೆ ನಿಂತಳು. ಮೊಣಕೈ ಆಳಕ್ಕೆ ಗುದ್ದಲಿ ಠಣ್ ಎಂದಿತು. ಕಲ್ಲು ಬೋರಲಾಗಿಯೇ ಇತ್ತು. ಅಳತೆಯವರು ಅಲ್ಲಿ ಗೂಟ ಹೊಡೆದು ಬರೆದುಕೊಂಡರು.

ಮೇಲಿನ ಬಯಲಿನ ಹಕ್ಕುಪತ್ರ ಬಂದದ್ದು ಮರುವರ್ಷ. ಆ ದಿನ ಟೀಚರಮ್ಮನನ್ನೂ ಕರೆದುಕೊಂಡು ಬೇಗೂರಿಗೆ ಹೋಗಿದ್ದೆ. ಪೊಲೀಸಿನವನಿಗೆ ಅಷ್ಟರಲ್ಲಿ ಬೇರೆ ಕಡೆಗೆ ವರ್ಗವಾಗಿತ್ತು. ಮೂಪ್ಪನವರ ಹೆಂಡತಿ ಮರಗೆಣಸು ಬೇಯಿಸಿ, ಆ ಕಲ್ಲಿನ ಮೇಲೆ ಕಾಂತಾರಿ ಮೆಣಸು ಅರೆದು, ಉಪ್ಪು ಹಾಕಿ, ಎಲ್ಲರಿಗೂ ಬಡಿಸಿದಳು.